ಬಾದಾಮಿಯಲ್ಲಿ ಚಂದ್ರಯಾನ, ಐಹೊಳೆಯಲ್ಲಿ ಬ್ರೇಕಿಂಗ್ ನ್ಯೂಸ್

ಮಂಗಳವಾರ, ಆಗಸ್ಟ್ 22, 2023

ನಾಗರ ಪಂಚಮಿ ಸಮಯದಲ್ಲಿ ಧಾರವಾಡದ ಹಾಸ್ಟೆಲ್‌ನಲ್ಲಿ ಉಳಿಯಬಾರದು. ಈ ಕಡೆಯ ಹುಡುಗರೆಲ್ಲ ಉಂಡಿ ತಿನ್ನೋಕೆ, ಜೋಕಾಲಿ ಜೀಕೋಕೆ ಊರಿಗೆ ಹೋಗಿಬಿಡುತ್ತಾರೆ. ಉಳಿಯುವುದು ನನ್ನಂಥ ಮಂಡ್ಯ, ಹಾಸನದ ಕಡೆಯವರು, ಮತ್ತೆ ಮೆಸ್ಸಿನ ಉಪ್ಪಿಟ್ಟು. ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಗದಗಿನ ರೂಮ್‌ಮೇಟ್ ಫೋನ್ ಮಾಡಿದ. ಅಕ್ಕನ ಜೊತೆ ಹುಬ್ಬಳ್ಳಿಗೆ ಬರುತ್ತಿದ್ದಾನಂತೆ. "ಮಂಡ್ಯಾದಾಂವ, ಬಾದಾಮಿ ನೋಡಿಲ್ಲ ಅಂತ ಹೇಳಾಕ ನಾಚಿಕಿ ಬರೂದಿಲ್ಲೇನ? ಎದ್ದು ಬಾ" ಅಂದ. ಎದ್ದು ಹೋದೆ.

ಪತ್ರಿಕೋದ್ಯಮ ಓದುವವರಿಗೆ ಪ್ರವಾಸದಲ್ಲೂ ಬಿಡುಗಡೆ ಇಲ್ಲ. ದಿನಕ್ಕೊಂದು ಸುದ್ದಿ ಆರಿಸಿಕೊಂಡು, ಅದು ಯಾಕೆ ಸುದ್ದಿಯಾಯಿತು ಅಂತ ಬರೆದಿಡಿ ಎಂದು ಮೇಷ್ಟ್ರು ಹೇಳಿದ್ದಾರೆ. ಇವತ್ತಿನ ಸುದ್ದಿ ಹುಡುಕೋಕೆ ಕಷ್ಟಪಡಬೇಕಾಗಲಿಲ್ಲ. ಬಸ್ಸಿನೊಳಗೇ ಇತ್ತು.

ಶಕ್ತಿ ಯೋಜನೆ ಶುರುವಾದದ್ದು ಜೂನ್ 11ಕ್ಕೆ. ಆವತ್ತಿನಿಂದ ಟಿವಿಯವರು ತೋರಿಸಿದ್ದು ಒಂದೇ ದೃಶ್ಯ. ಬಸ್ಸಿನ ಬಾಗಿಲು, ತಳ್ಳಾಟ, ಕೆಂಪು ವೃತ್ತ, ಬಾಣದ ಗುರುತು. ನಿಜವಾದ ಬಸ್ಸಿನಲ್ಲಿ ಆಗಿದ್ದು ಬೇರೆ. ಅಕ್ಕ ಆಧಾರ್ ಕಾರ್ಡ್ ತೋರಿಸಿದಳು, ಕಂಡಕ್ಟರ್ ಮಷೀನ್ ಒತ್ತಿದರು, ಸೊನ್ನೆ ರೂಪಾಯಿ ಅಂತ ಬರೆದ ಚೀಟಿ ಬಂತು. ಪುಕ್ಕಟೆ ಅಂದಮೇಲೆ ಚೀಟಿ ಯಾಕೆ ಅಂತ ಕೇಳಬೇಡಿ. ಎಷ್ಟು ಹೆಂಗಸರು ಎಲ್ಲಿಂದ ಎಲ್ಲಿಗೆ ಹೋದರು ಅನ್ನೋ ಲೆಕ್ಕ ಆ ಚೀಟಿಯಿಂದಲೇ ಸಿಗಬೇಕು, ಆಮೇಲೆ ಸರ್ಕಾರ ನಿಗಮಕ್ಕೆ ದುಡ್ಡು ಕಟ್ಟಿಕೊಡಬೇಕು. ಅಕ್ಕ ಆ ಚೀಟಿಯನ್ನು ನೀಟಾಗಿ ಮಡಚಿ ಪರ್ಸಿನಲ್ಲಿಟ್ಟಳು. ನಾವಿಬ್ಬರೂ ದುಡ್ಡು ಕೊಟ್ಟು ಪಡೆದ ಟಿಕೆಟ್‌ಗಳು ನವಲಗುಂದ ದಾಟುವಷ್ಟರಲ್ಲಿ ಎಲ್ಲಿ ಹೋದವೋ ಗೊತ್ತಿಲ್ಲ.

ಅರ್ಧ ಸೀಟು ಗಂಡಸರಿಗೆ ಮೀಸಲು ಅಂತ ನಿಯಮ ಇದೆ. ಅದನ್ನು ನೆನಪಿಸುವ ಧೈರ್ಯ ಯಾವ ಗಂಡಸಿಗೂ ಇರಲಿಲ್ಲ. ಪಂಚಮಿಗೆ ತವರಿಗೆ ಬಂದು ವಾಪಸ್ ಹೊರಟ ಹೆಣ್ಣುಮಕ್ಕಳು ಬಸ್ಸಿನ ತುಂಬ. ಒಬ್ಬೊಬ್ಬರ ಕಾಲ ಬಳಿಯೂ ಉಂಡಿ ತುಂಬಿದ ಡಬ್ಬಿ. ನನ್ನ ಪಕ್ಕ ಕೂತಿದ್ದ ಅಜ್ಜಿ ಡಬ್ಬಿ ಮುಚ್ಚಳ ತೆಗೆದು ಒಂದು ಶೇಂಗಾ ಉಂಡಿ ಕೊಟ್ಟರು. "ಯಾವ ಊರಪಾ ನಿಂದು?" ಮಂಡ್ಯ ಅಂದೆ. "ಅಯ್ಯ, ಪಾಪ" ಅಂದು ಇನ್ನೊಂದು ಕೊಟ್ಟರು. ಮಂಡ್ಯಕ್ಕೆ ಯಾಕೆ ಪಾಪ ಅಂತ ಈಗಲೂ ಅರ್ಥವಾಗಿಲ್ಲ.

ನವಲಗುಂದ, ನರಗುಂದ ಬಂದಾಗ ರೂಮ್‌ಮೇಟ್ ಗೈಡ್ ಆದ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಎದ್ದು ನಿಂತದ್ದು, ಗೋಲಿಬಾರ್ ಆಗಿದ್ದು ಇಲ್ಲೇ. ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತಿದ್ದೂ ಇಲ್ಲೇ. ನೀರಿನ ಜಗಳ ಅಂದರೆ ಅದರ ಗುತ್ತಿಗೆ ನಮ್ಮ ಮಂಡ್ಯದವರದ್ದು ಅಂತ ನಾನು ತಿಳಿದಿದ್ದೆ. ಕಿಟಕಿಯಾಚೆ ಕರಿಮಣ್ಣಿನ ಹೊಲಗಳು ಬಿರುಕು ಬಿಟ್ಟಿದ್ದವು. ಜುಲೈನಲ್ಲಿ ಸುರಿದ ಮಳೆ ಆಗಸ್ಟ್‌ನಲ್ಲಿ ಪತ್ತೆಯೇ ಇಲ್ಲ.

ಮುಂದಿನ ಸೀಟಿನಲ್ಲಿ ಇಬ್ಬರು ಉಳ್ಳಾಗಡ್ಡಿ ಬಗ್ಗೆ ಮಾತಾಡುತ್ತಿದ್ದರು. ಕೇಂದ್ರ ಸರ್ಕಾರ ಮೊನ್ನೆ ಶನಿವಾರ ಈರುಳ್ಳಿ ರಫ್ತಿನ ಮೇಲೆ 40 ಪರ್ಸೆಂಟ್ ಸುಂಕ ಹಾಕಿದೆ, ಡಿಸೆಂಬರ್ 31ರವರೆಗೆ. ಪೇಟೆಯಲ್ಲಿ ರೇಟು ಏರಬಾರದು ಅಂತ. ಹೋದ ತಿಂಗಳು ಇದೇ ಜಾಗದಲ್ಲಿ ಟೊಮೆಟೊ ಇತ್ತು. ನೂರು ದಾಟಿದ ಟೊಮೆಟೊ, ಹಾಸನದ ಹೊಲದಲ್ಲಿ ಕಳ್ಳತನವಾದ ಟೊಮೆಟೊ, ಬರ್ಗರ್‌ನಿಂದ ಮಾಯವಾದ ಟೊಮೆಟೊ. ತರಕಾರಿ ಸುದ್ದಿಯಾಗಬೇಕಾದರೆ ಕೊಳ್ಳುವವನಿಗೆ ನೋವಾಗಬೇಕು. ಬೆಳೆಯುವವನು ರಸ್ತೆಗೆ ಸುರಿದಾಗ ಒಂದು ಫೋಟೊ ಬರುತ್ತದೆ ಅಷ್ಟೇ, ಅದೂ ಒಳಪುಟದಲ್ಲಿ.

ಕುಳಗೇರಿ ಕ್ರಾಸ್ ದಾಟಿ ಬಾದಾಮಿ ತಲುಪಿದಾಗ ಸಂಜೆ. ಅಗಸ್ತ್ಯತೀರ್ಥದ ದಂಡೆಗೆ ಹೋದೆವು. ಕೆಂಪು ಬಂಡೆ, ಹಸಿರು ನೀರು, ಬಟ್ಟೆ ಒಗೆಯುವ ಸದ್ದು. ಆಮೇಲೆ ಮಂಗಗಳು. ಬಾದಾಮಿ ಮಂಗಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಒಂದು ಗಂಡುಮಂಗ ಪ್ರವಾಸಿಯೊಬ್ಬರ ಕೈಯಿಂದ ಜ್ಯೂಸ್ ಬಾಟಲಿ ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಿತು. ಮುಚ್ಚಳವನ್ನು ಹಲ್ಲಲ್ಲಿ ಕಚ್ಚಲಿಲ್ಲ, ತಿರುಗಿಸಿ ತೆಗೆಯಿತು. ಒಂದು ಗುಟುಕು ಕುಡಿದು ರುಚಿ ಹಿಡಿಸದೆ ಬಾಟಲಿ ಕೆಳಗಿಟ್ಟು ಹೋಯಿತು. ಕಳೆದುಕೊಂಡವರಿಗೆ ಜ್ಯೂಸ್ ಹೋದದ್ದಕ್ಕಿಂತ ಅದು ಮಂಗನಿಗೂ ಬೇಡವಾಯಿತು ಅನ್ನೋದೇ ಬೇಜಾರು.

ಬುಧವಾರ, ಆಗಸ್ಟ್ 23

ಇವತ್ತು ಇಡೀ ದೇಶಕ್ಕೆ ಒಂದೇ ಸುದ್ದಿ. ಬೆಳಿಗ್ಗೆ ಚಹಾದಂಗಡಿಯಲ್ಲೇ ಕೌಂಟ್‌ಡೌನ್ ಶುರುವಾಗಿತ್ತು. ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರನ ಮೇಲೆ ಇಳಿಯಬೇಕಾದ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಬಗ್ಗೆ ಬೆಳಿಗ್ಗೆ ಏಳಕ್ಕೇ ಮಾತಾಡೋದು ಏನಿರುತ್ತೆ? ಇರುತ್ತೆ. ಜ್ಯೋತಿಷಿಗಳಿರುತ್ತಾರೆ. ಹೋಮ ಇರುತ್ತೆ. ಸ್ಟುಡಿಯೋದಲ್ಲಿ ಥರ್ಮಾಕೋಲ್ ಚಂದ್ರ ಇರುತ್ತೆ. ಅದರ ಮೇಲೆ ನಿಂತ ನಿರೂಪಕರ ಬೂಟುಗಾಲು ಇರುತ್ತೆ.

ನಾವು ಮೇಣಬಸದಿಗಳ ಕಡೆ ನಡೆದೆವು. ನಾಲ್ಕು ಗುಹೆ. ಮೊದಲನೆಯದರಲ್ಲಿ ಹದಿನೆಂಟು ಕೈಯ ನಟರಾಜ. ಜನ ಅವನ ಮುಂದೆ ಸಾಲಾಗಿ ನಿಂತು ಕೈಗಳ ಭಂಗಿ ಹಾಕುತ್ತಿದ್ದರು, ರೀಲ್ಸ್‌ಗೆ. ಎರಡು ಕೈ ಇರುವವರು ಹದಿನೆಂಟನ್ನು ಅನುಕರಿಸಲು ಎಂಟು ಜನ ಸ್ನೇಹಿತರನ್ನು ಹಿಂದೆ ನಿಲ್ಲಿಸಿಕೊಳ್ಳಬೇಕು. ನಿಲ್ಲಿಸಿಕೊಂಡಿದ್ದರು.

ಮೂರನೆಯದೇ ದೊಡ್ಡದು, ನನಗೆ ಹಿಡಿಸಿದ್ದೂ ಅದೇ. ಮಂಗಲೇಶ ಮಾಡಿಸಿದ್ದು, ಕ್ರಿ.ಶ. 578ರಲ್ಲಿ. ಇಸವಿ ಇಷ್ಟು ಖಚಿತವಾಗಿ ಗೊತ್ತಿರೋದು ಅವನು ಕಲ್ಲಲ್ಲಿ ಬರೆಸಿದ್ದರಿಂದ. ಹಾವಿನ ಸುರುಳಿಯ ಮೇಲೆ ಆರಾಮಾಗಿ ಕೂತ ವಿಷ್ಣು, ಕಾಲೆತ್ತಿ ಆಕಾಶ ಅಳೆಯುವ ತ್ರಿವಿಕ್ರಮ. "ಇವನೂ ವಿಕ್ರಮ್‌ನ ನೋಡು" ಅಂದ ರೂಮ್‌ಮೇಟ್. ಅಕ್ಕ ಅವನ ತಲೆಗೆ ಮೊಟಕಿದಳು. ಇಂಥ ಜೋಕು ಇವತ್ತು ಎಷ್ಟು ಚಾನೆಲ್‌ನಲ್ಲಿ ಬಂದಿತ್ತೋ.

ಬಾದಾಮಿಯ ಬಂಡೆಗಳನ್ನು ನೋಡುತ್ತಾ ಹೋದ ಹಾಗೆ ಇದು ಒಂದು ದೊಡ್ಡ ನ್ಯೂಸ್ ರೂಮ್ ಅನ್ನಿಸಿತು. 543ರಲ್ಲಿ ಒಂದನೇ ಪುಲಕೇಶಿ ಕೋಟೆ ಕಟ್ಟಿದ್ದನ್ನು ಬಂಡೆಯ ಮೇಲೆ ಬರೆಸಿದ. ಪ್ರೆಸ್ ರಿಲೀಸ್. ಮುಂದೆ ಇಮ್ಮಡಿ ಪುಲಕೇಶಿ ಪಲ್ಲವರ ಮೇಲೆ ಹೋಗಿ ಗೆದ್ದು ಬಂದ. ಆಮೇಲೆ ಪಲ್ಲವರ ನರಸಿಂಹವರ್ಮ 642ರಲ್ಲಿ ಬಂದು ಬಾದಾಮಿಯನ್ನೇ ಹಿಡಿದ. ಹಿಡಿದು ಸುಮ್ಮನೆ ಹೋಗಲಿಲ್ಲ. ಇಲ್ಲಿಯ ಬಂಡೆಯ ಮೇಲೇ ತನ್ನ ಶಾಸನ ಕೊರೆಸಿದ. ಎದುರಾಳಿಯ ಚಾನೆಲ್‌ಗೆ ನುಗ್ಗಿ ತನ್ನ ಬುಲೆಟಿನ್ ಓದಿಸಿದ ಲೆಕ್ಕ. ಆ ಅಕ್ಷರಗಳು ಸವೆದಿವೆ, ಆದರೂ ಇವೆ. ನೂರು ವರ್ಷ ಆದಮೇಲೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ. ಅಲ್ಲಿಯ ಕೈಲಾಸನಾಥ ಗುಡಿಯಲ್ಲಿ ಕನ್ನಡದಲ್ಲಿ ಬರೆಸಿದ. ಈ ಗುಡಿಯ ಸಂಪತ್ತು ನೋಡಿದೆ, ಮುಟ್ಟಲಿಲ್ಲ, ವಾಪಸ್ ಕೊಟ್ಟೆ ಅಂತ. ಇದಕ್ಕಿಂತ ಚೆನ್ನಾಗಿ ಸೇಡು ತೀರಿಸಿಕೊಂಡವರನ್ನು ನಾನು ಕಂಡಿಲ್ಲ.

ರಾಜರಲ್ಲದವನೊಬ್ಬನೂ ಇಲ್ಲಿದ್ದಾನೆ, ಕಪ್ಪೆ ಅರಭಟ್ಟ. ಸಾಧುವಿಗೆ ಸಾಧು, ಕೆಣಕಿದವನಿಗೆ ಕಲಿಯುಗದ ವಿಪರೀತ ಅಂತ ತ್ರಿಪದಿಯಲ್ಲಿ ಬರೆದ ಬಂಡೆ ಕೆರೆಯ ಈಶಾನ್ಯದ ಕಡೆ ಇದೆ. ಇವನು ಯಾರು, ಏನು ಮಾಡಿದ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಅವನ ಸ್ಟೇಟಸ್ ಮಾತ್ರ ಸಾವಿರದ ಮುನ್ನೂರು ವರ್ಷದಿಂದ ಅಳಿಸಿಲ್ಲ.

ಸಂಜೆ ಐದೂವರೆಗೆ ಒಂದು ಖಾನಾವಳಿ ಸೇರಿದೆವು. ಊಟಕ್ಕಲ್ಲ, ಟಿವಿಗೆ. ಅಷ್ಟರಲ್ಲೇ ಬೆಂಚು ತುಂಬಿತ್ತು. ಬಸ್ಸಿನ ಡ್ರೈವರ್‌ಗಳು, ಟಂಟಂ ಓಡಿಸುವವರು, ಸ್ಕೂಲ್ ಚೀಲದ ಸಮೇತ ಹುಡುಗರು. 5.44ಕ್ಕೆ ಇಳಿಯುವ ಕೆಲಸ ಶುರುವಾಯಿತು. 30 ಕಿಲೋಮೀಟರ್ ಎತ್ತರದಿಂದ, ಸೆಕೆಂಡಿಗೆ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತಿರುವುದನ್ನು ಇಪ್ಪತ್ತು ನಿಮಿಷದಲ್ಲಿ ನಿಲ್ಲಿಸಬೇಕು. ನಿರೂಪಕ ಕಿರುಚುತ್ತಿದ್ದ. "ಆ ಅಣ್ಣನ ದನಿ ಸಣ್ಣ ಮಾಡ್ರಿ, ಇಸ್ರೋದವರು ಮಾತಾಡೂದು ಕೇಳಲಿ" ಅಂದರು ಖಾನಾವಳಿ ಮಾಲೀಕರು. ಸಣ್ಣ ಮಾಡಿದರೆ ಇಬ್ಬರದ್ದೂ ಸಣ್ಣದಾಯಿತು.

2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2 ಇಳಿಯುವಾಗ ನಾನು ಪಿಯುಸಿ. ನಡುರಾತ್ರಿ ಎದ್ದು ಕೂತು ನೋಡಿದ್ದೆ. ಗೆರೆಯ ಮೇಲೆ ಹೋಗುತ್ತಿದ್ದ ಹಸಿರು ಚುಕ್ಕಿ ಪಕ್ಕಕ್ಕೆ ಸರಿದು ನಿಂತದ್ದು ನೆನಪಿತ್ತು. ಹಾಗಾಗಿ ಈ ಸಲವೂ ಕಣ್ಣು ಗೆರೆಯ ಮೇಲೇ. ನಾಲ್ಕು ದಿನದ ಹಿಂದಷ್ಟೇ ರಷ್ಯಾದ ಲೂನಾ-25 ಚಂದ್ರನಿಗೆ ಅಪ್ಪಳಿಸಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು ಯಾವಾಗ ನಿಂತಿತೋ ಗೊತ್ತಿಲ್ಲ. ತಿರುಗಿ ನೋಡಿದರೆ ಬಡಿಯುತ್ತಿದ್ದ ಇಬ್ಬರೂ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದರು. ಒಬ್ಬರ ಕೈಯಲ್ಲಿ ಅರ್ಧ ತಟ್ಟಿದ ಹಿಟ್ಟಿನ ಉಂಡೆ. ಅದನ್ನು ಅವರು ಬೆರಳಲ್ಲಿ ಸುಮ್ನೆ ಒತ್ತುತ್ತಾ, ತಿರುಗಿಸುತ್ತಾ ಇದ್ದರು. ಪರದೆಯ ಮೇಲೆ ಎತ್ತರ ಕಡಿಮೆಯಾದ ಹಾಗೆಲ್ಲ ಉಂಡೆ ಚಪ್ಪಟೆಯಾಗುತ್ತಾ ಹೋಯಿತು.

ಇಳಿಯಿತು. ಶಿಳ್ಳೆ, ಚಪ್ಪಾಳೆ, "ಭಾರತ್ ಮಾತಾ ಕೀ." ಆಗ ಪಕ್ಕದ ಮೇಜಿನ ಹುಡುಗರು "ಏ ಇನ್ನೂ ಇಳದಿಲ್ಲೋ!" ಅಂತ ಕೂಗಿದರು. ಅವರು ಮೊಬೈಲ್‌ನಲ್ಲಿ ಇಸ್ರೋ ಯೂಟ್ಯೂಬ್ ನೋಡುತ್ತಿದ್ದರು. ಏಕಕಾಲಕ್ಕೆ 80 ಲಕ್ಷ ಜನ ನೋಡಿದ ಆ ಲೈವ್ ನಮ್ಮ ಟಿವಿಗಿಂತ ಅರ್ಧ ನಿಮಿಷ ಹಿಂದಿತ್ತು. ಅವರಿಗಾಗಿ ಎಲ್ಲರೂ ಮತ್ತೆ ಕಾದು ಮತ್ತೆ ಚಪ್ಪಾಳೆ ತಟ್ಟಿದರು. ಬಾದಾಮಿಯಲ್ಲಿ ವಿಕ್ರಮ್ ಎರಡು ಸಲ ಇಳಿಯಿತು.

ಇಸ್ರೋ ಅಧ್ಯಕ್ಷ ಸೋಮನಾಥ್ ಮಾತಾಡಿದರು. ದಕ್ಷಿಣ ಆಫ್ರಿಕಾದಲ್ಲಿದ್ದ ಪ್ರಧಾನಿ ಅಲ್ಲಿಂದಲೇ ಮಾತಾಡಿದರು. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು, "ಚಂದ್ರನ ಮ್ಯಾಲ ನೀರ ಐತಂತ ಮೊದಲನೇದ್ದು ಹೇಳಿತ್ತಲ್ರಿ. ಈಗ ಇದು ಬಾದಾಮ್ಯಾಗ ಮಳಿ ಯಾವಾಗ ಅಂತ ಹೇಳತೈತೇನು?" ಅಂದರು. ಯಾರೂ ನಗಲಿಲ್ಲ. ಮಾಲೀಕರು ಎಲ್ಲರಿಗೂ ಒಂದೊಂದು ತುಂಡು ಬೆಲ್ಲ ಹಂಚಿದರು. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಊಟ ಮಾಡಿ ಹೊರಗೆ ಬಂದರೆ ಸಪ್ತಮಿಯ ಚಂದ್ರ. ರಸ್ತೆಯಲ್ಲಿದ್ದವರೆಲ್ಲ ಒಮ್ಮೆ ತಲೆಯೆತ್ತಿ ನೋಡಿ ಮುಂದೆ ಹೋಗುತ್ತಿದ್ದರು. ರೂಮ್‌ಮೇಟ್ ಮೊಬೈಲ್ ಝೂಮ್ ಮಾಡಿ ಲ್ಯಾಂಡರ್ ಹುಡುಕಿದ. ಸಿಗಲಿಲ್ಲವಂತೆ.

ಗುರುವಾರ, ಆಗಸ್ಟ್ 24

ಬಸ್ ನಿಲ್ದಾಣದಲ್ಲಿ ಸಿಕ್ಕ ಪೇಪರ್‌ಗಳನ್ನೆಲ್ಲ ಕೊಂಡೆ. ಎಲ್ಲದರ ಮುಖಪುಟವೂ ಚಂದ್ರನೇ. ಮಂಡ್ಯದವನಿಗೆ ಒಂದು ಅಭ್ಯಾಸ ಇರುತ್ತದೆ. ಪೇಪರ್ ಕೈಗೆ ಬಂದರೆ ಮೊದಲು ಒಳಪುಟದ ಚಿಕ್ಕ ಚೌಕ ಹುಡುಕುತ್ತೇವೆ. ಕೆಆರ್‌ಎಸ್ ಜಲಾಶಯದ ಮಟ್ಟ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಈ ವರ್ಷ ಅದು ತುಂಬಿಲ್ಲ. ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಗಿದೆ. ನಮ್ಮಪ್ಪ ಬೆಳಿಗ್ಗೆ ಫೋನ್ ಮಾಡಿದಾಗಲೂ ಚಂದ್ರನ ಮಾತು ಎರಡು ವಾಕ್ಯ, ಕಟ್ಟೆ ಮಾತು ಹತ್ತು ನಿಮಿಷ. ಉತ್ತರ ಕರ್ನಾಟಕದ ಆವೃತ್ತಿಯಲ್ಲಿ ಹುಡುಕಿದರೆ ಆ ಚೌಕದ ಜಾಗದಲ್ಲಿ ಆಲಮಟ್ಟಿಯ ಲೆಕ್ಕ ಇತ್ತು. ಎಷ್ಟೋ ಹೊತ್ತು ಅದನ್ನೇ ಓದುತ್ತಾ ಕೂತಿದ್ದೆ, ಗುರುತಿನವರ ಮನೆಯ ಸುದ್ದಿಯೇನೋ ಅನ್ನೋ ಥರ.

ಪಟ್ಟದಕಲ್ಲಿಗೆ ಬಾದಾಮಿಯಿಂದ 22 ಕಿ.ಮೀ. ಬಸ್ ಬರಲು ತಡವಾಯಿತು. ಅಷ್ಟರಲ್ಲಿ ಮೊಬೈಲ್‌ನಲ್ಲಿ ಸುದ್ದಿ. ಪ್ರಜ್ಞಾನ್ ರೋವರ್ ಲ್ಯಾಂಡರ್‌ನಿಂದ ಕೆಳಗಿಳಿದಿದೆ, ಚಂದ್ರನ ಮೇಲೆ ನಡೆಯುತ್ತಿದೆ. ವೇಗ ಸೆಕೆಂಡಿಗೆ 1 ಸೆಂಟಿಮೀಟರ್. ಅಕ್ಕ ಲೆಕ್ಕದವಳು. ಆ ವೇಗದಲ್ಲಿ ಹೋದರೆ ಪಟ್ಟದಕಲ್ಲು ತಲುಪಲು ಇಪ್ಪತ್ತೈದು ದಿನ ಬೇಕು ಅಂತ ಅಲ್ಲೇ ಹೇಳಿದಳು. "ಆದ್ರ ಅದು ಹೊಂಟೈತಿ ನೋಡು, ನಾವಿನ್ನೂ ಇಲ್ಲೇ ಅದೇವಿ." ಕೊನೆಗೆ ಟಂಟಂ ಹತ್ತಿದೆವು. ಮೂರು ಜನರ ಸೀಟಿನಲ್ಲಿ ಐವರು, ಜೊತೆಗೆ ಒಂದು ಹುಂಜ.

ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಒಂದೇ ಹುಲ್ಲುಹಾಸಿನ ಮೇಲೆ ಉತ್ತರದ ಶೈಲಿಯ ಶಿಖರ, ದಕ್ಷಿಣದ ಶೈಲಿಯ ವಿಮಾನ ಅಕ್ಕಪಕ್ಕ ನಿಂತಿವೆ. ಹಿಂದೆ ಉತ್ತರಕ್ಕೆ ತಿರುಗಿ ಹರಿಯುವ ಮಲಪ್ರಭಾ. ಹರಿಯುವ ಅಂತ ಬರೆಯೋದು ರೂಢಿ, ಈಗ ಅಲ್ಲಲ್ಲಿ ನಿಂತಿತ್ತು.

ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ. ಗಂಡ ಕಂಚಿ ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಅವಳೂ ಅದೇ ರಾಜನ ರಾಣಿ. ಅಕ್ಕ ಕಟ್ಟಿಸಿದರೆ ತಂಗಿ ಬಿಡುತ್ತಾಳಾ? ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಗುಂಡನ ಹೆಸರಿರುವ ಶಾಸನದ ಹತ್ತಿರ. ಈ ಗುಡಿಯ ಸೂತ್ರಧಾರಿ ಗುಂಡ ಅಂತ, ಅವನಿಗೆ ತ್ರಿಭುವನಾಚಾರಿ ಅನ್ನೋ ಬಿರುದು ಕೊಟ್ಟರು ಅಂತ ಕಲ್ಲಿನಲ್ಲಿದೆ. ಕಟ್ಟಿದವನ ಹೆಸರು! ನಮ್ಮೂರ ಬಸ್ ತಂಗುದಾಣದ ಮೇಲೆ ಶಾಸಕರ ಹೆಸರಿದೆ, ಅನುದಾನದ ವರ್ಷ ಇದೆ, ಉದ್ಘಾಟಕರ ಫೋಟೊ ಇದೆ. ಗಾರೆ ಕೆಲಸದವರ ಹೆಸರಿಗೆ ಜಾಗ ಸಾಲಲಿಲ್ಲ. ಹಾಗೆ ನೋಡಿದರೆ ನಿನ್ನೆ ಟಿವಿಯಲ್ಲಿ ಯೋಜನಾ ನಿರ್ದೇಶಕ ವೀರಮುತ್ತುವೇಲ್, ಅವರ ಜೊತೆಗಾರ್ತಿ ಕಲ್ಪನಾ ಕಾಳಹಸ್ತಿ ಮೈಕ್ ಹಿಡಿದು ಮಾತಾಡಿದ್ದು ಬೇರೆಯವರ ಭಾಷಣಕ್ಕಿಂತ ಎಷ್ಟು ಚಿಕ್ಕದಿತ್ತು.

ಮಧ್ಯಾಹ್ನ ಐಹೊಳೆ. ದುರ್ಗ ಗುಡಿಯ ದುಂಡನೆಯ ಬೆನ್ನು ಫೋಟೊದಲ್ಲಿ ಎಲ್ಲರೂ ನೋಡಿದ್ದೀರಿ, ಅದರ ಬಗ್ಗೆ ಬರೆಯೋದು ಬೇಡ. ಬಿಸಿಲಲ್ಲಿ ಮೇಗುತಿ ಗುಡ್ಡ ಹತ್ತಿದೆವು. ಮೇಲಿನ ಜೈನ ಬಸದಿಯ ಗೋಡೆಯಲ್ಲಿ 634ರ ಶಾಸನ. ರವಿಕೀರ್ತಿ ಬರೆದದ್ದು, ಇಮ್ಮಡಿ ಪುಲಕೇಶಿಯನ್ನು ಹೊಗಳಿ. ಕನೌಜಿನ ಹರ್ಷನನ್ನು ಪುಲಕೇಶಿ ಸೋಲಿಸಿದಾಗ ಹರ್ಷನ ಹರ್ಷವೇ ಇಳಿದುಹೋಯಿತು ಎಂದು ಸಂಸ್ಕೃತದಲ್ಲಿ ಬರೆದಿದ್ದಾನೆ. ನಮ್ಮ ಡೆಸ್ಕಿನವರು ಹೆಡ್‌ಲೈನ್‌ಗೆ ಹೆಣಗುವುದೆಲ್ಲ ಈ ಗುಡ್ಡದ ಮೇಲೆ ಆಗಲೇ ಮುಗಿದಿದೆ. ಅಷ್ಟಕ್ಕೇ ನಿಲ್ಲಿಸಿದನಾ? ಕೊನೆಗೆ ತನ್ನ ಕೀರ್ತಿ ಕಾಳಿದಾಸ, ಭಾರವಿಯವರಿಗೆ ಸಮ ಅಂತ ತಾನೇ ಸೇರಿಸಿದ. ರಾಜನ ಜಾಹೀರಾತಿನಲ್ಲಿ ತನ್ನ ಬೈಲೈನ್. ಇದನ್ನೇ ಮುಂದೆ ಇತಿಹಾಸಕಾರರು ಕಾಳಿದಾಸನ ಕಾಲ ತಿಳಿಯೋಕೆ ಆಧಾರ ಮಾಡಿಕೊಂಡರು. ಜಂಬ ಕೂಡ ಕೆಲವು ಸಲ ಉಪಯೋಗಕ್ಕೆ ಬರುತ್ತೆ, ಅಲ್ವಾ. ಎಂಟು ವರ್ಷದ ಮೇಲೆ ಪಲ್ಲವರು ಬಂದಾಗಿನ ವರದಿ ಮಾತ್ರ ರವಿಕೀರ್ತಿಯಿಂದ ಸಿಕ್ಕಿಲ್ಲ.

ಇಳಿಯುವಾಗ ಆಡು ಕಾಯುತ್ತಿದ್ದ ಒಬ್ಬ ಹುಡುಗ ಜೊತೆಯಾದ. ಸ್ಕೂಲಿಗೆ ಇವತ್ತು ಹೋಗಿಲ್ಲ, ಕಾರಣ ಕೇಳಬೇಡಿ ಅಂದ. "ಅಣ್ಣಾ, ಚಂದ್ರನ ಮ್ಯಾಲ ಹೋದದ್ದು ವಾಪಸ್ ಹೆಂಗ ಬರತೈತಿ?" ಬರೋದಿಲ್ಲ ಅಂದೆ. ಅಲ್ಲಿ ಹಗಲು ನಮ್ಮ ಹದಿನಾಲ್ಕು ದಿನ, ಕತ್ತಲಾದ ಮೇಲೆ ಚಳಿಗೆ ಕೆಲಸ ನಿಲ್ಲಬಹುದು ಅಂತ ವಿವರಿಸಿದೆ. ಅವನು ಸ್ವಲ್ಪ ಯೋಚಿಸಿ, "ಹಂಗಾರ ಅದೂ ಸಾಲಿಗೆ ಹೋಗೂದಿಲ್ಲ, ಬಿಡ್ರಿ" ಅಂದು ಆಡಿನ ಹಿಂದೆ ಓಡಿದ. ಈ ಎರಡಕ್ಕೂ ಏನು ಸಂಬಂಧ ಅಂತ ಗೊತ್ತಾಗಲಿಲ್ಲ.

ರಾತ್ರಿ ಚೆಸ್ ಸುದ್ದಿ. ಬಾಕುವಿನಲ್ಲಿ ವಿಶ್ವಕಪ್ ಫೈನಲ್‌ನಲ್ಲಿ ಹದಿನೆಂಟರ ಪ್ರಜ್ಞಾನಂದ ಟೈಬ್ರೇಕ್‌ನಲ್ಲಿ ಕಾರ್ಲ್‌ಸನ್‌ಗೆ ಸೋತ. "ನಾಳೆ 'ಸೋತರೂ ಗೆದ್ದ' ಅಂತ ಬರತೈತಿ, ಬೆಟ್?" ಅಂದಳು ಅಕ್ಕ. ನಾನು ಬೆಟ್ ಕಟ್ಟಲಿಲ್ಲ.

ಶುಕ್ರವಾರ, ಆಗಸ್ಟ್ 25

ವರಮಹಾಲಕ್ಷ್ಮಿ ಹಬ್ಬ. ಬೆಳಿಗ್ಗೆಯೇ ಅಮ್ಮನ ಫೋನ್, ಕನಕಾಂಬರದ ರೇಟು ಕೇಳಿದರೆ ತಲೆ ತಿರುಗುತ್ತೆ ಅಂತ. ಹೂವಿನ ರೇಟಿನ ಸುದ್ದಿ ಪ್ರತಿ ವರ್ಷ ಇದೇ ದಿನ ಬರುತ್ತೆ. ಹೋದ ವರ್ಷದ್ದನ್ನೇ ತೆಗೆದು ಹಾಕಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಈ ಕಡೆ ಆ ಹಬ್ಬದ ಗದ್ದಲ ನಮ್ಮಷ್ಟಿಲ್ಲ. ಆದರೂ ಶ್ರಾವಣ ಶುಕ್ರವಾರ, ಬನಶಂಕರಿಯಲ್ಲಿ ಜನ ಇದ್ದರು. ಅಕ್ಕ ಉಡಿ ತುಂಬಿಸಿ ಬಂದಳು.

ಗುಡಿಯ ಮುಂದಿನ ಹೊಂಡದ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ ಊಟ ತಂದು ಮಾರುವ ಹೆಂಗಸರಿದ್ದಾರೆ. ಬಾದಾಮಿಗೆ ಬಂದು ಇದನ್ನು ಉಣ್ಣದೆ ಹೋದರೆ ಗುಹೆ ನೋಡಿದ್ದೂ ದಂಡ. ಖಡಕ್ ರೊಟ್ಟಿ, ಅದರ ಮೇಲೇ ಎಣ್ಣೆಗಾಯಿ, ಕಾಳುಪಲ್ಯ, ಕೆಂಪು ಚಟ್ನಿ, ಶೇಂಗಾ ಹಿಂಡಿ, ಗಡಿಗೆಯಿಂದ ಗಟ್ಟಿ ಮೊಸರು. ಪಕ್ಕದಲ್ಲಿ ಉಳ್ಳಾಗಡ್ಡಿ. ಅದನ್ನು ಅವರು ಹೆಚ್ಚುವುದಿಲ್ಲ, ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಗುದ್ದಿ ಒಡೆಯುತ್ತಾರೆ. ಇನ್ನೊಂದು ಕೇಳಿದೆ. "ತುಟ್ಟಿ ಆಗೂದೈತಂತ, ಈಗ ತಿನ್ನು ತಮ್ಮಾ" ಅಂತ ಎರಡು ಒಡೆದು ಹಾಕಿದರು.

ಸ್ಟೇಷನ್ ಊರಿಂದ ಐದು ಕಿ.ಮೀ. ದೂರ. ಮಧ್ಯಾಹ್ನದ ರೈಲು ಹಿಡಿದು ಗದಗಕ್ಕೆ ಬಂದೆವು. ಮನೆಗೆ ಬಾರದೆ ಧಾರವಾಡಕ್ಕೆ ಹೋದರೆ ಅವ್ವ ನನ್ನನ್ನು ಬಿಡೋದಿಲ್ಲ ಅಂದ ರೂಮ್‌ಮೇಟ್. ಮನೆಯಲ್ಲಿ ಉಳಿದ ಎಳ್ಳುಂಡಿ, ತಂಬಿಟ್ಟು ಎಲ್ಲ ನನ್ನ ಮುಂದೆ ಬಂದವು. ಅವನ ಅಪ್ಪ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತರು. ಅರ್ಧ ಹೊಲ ಉಳ್ಳಾಗಡ್ಡಿ ಹಾಕಿದ್ದಾರೆ. ಮಳೆ ಇಲ್ಲದೆ ಗಡ್ಡೆ ದಪ್ಪ ಆಗಿಲ್ಲ. ಬರುವ ತಿಂಗಳು ಕೀಳಬೇಕು.

"ನೀ ಪೇಪರ್ ಓದಾವಲ್ಲಾ? ಹೇಳು ಹಂಗಾರ, ಕಿತ್ತ ಕೂಡ್ಲೆ ಕೊಡಬೇಕೋ, ಒಂದು ತಿಂಗಳು ಇಟ್ಟು ಕೊಡಬೇಕೋ?"

ಸುಂಕ 40 ಪರ್ಸೆಂಟ್, ಡಿಸೆಂಬರ್ 31ರವರೆಗೆ, ನಾಸಿಕದಲ್ಲಿ ವ್ಯಾಪಾರಿಗಳು ಹರಾಜು ನಿಲ್ಲಿಸಿದ್ದರು ಅಂತ ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅದು ನನಗೂ ಗೊತ್ತೈತಿ. ಕೊಡ್ಲೋ, ಇಡ್ಲೋ?"

"ನಾಳೆ ಪೇಪರ್ ನೋಡಿ ಹೇಳ್ತೀನಿ ಕಾಕಾ" ಅಂದೆ.

"ಪೇಪರ್‌ನ್ಯಾಗ ಇರೂದು ನಿನ್ನಿ ರೇಟಲ್ಲೋ ತಮ್ಮಾ" ಅಂದು ತಂಬಿಟ್ಟಿನ ತಟ್ಟೆ ನನ್ನ ಕಡೆ ಸರಿಸಿದರು.